ಪೈಲಟ್ ಗಾಡಿಯ ಕೋಲು

"ಮುಂದಿನ ಗಾಡೀಲಿರೋ ಹೆಂಗಸು ಯಾರು ಅಂತ ಗೊತ್ತಾಯ್ತಾ ಸಾರ್?" ಡ್ರೈವರ್ ರಸ್ತೆಯಿಂದ ಕಣ್ಣು ಕೀಳದೆ ಕೇಳಿದ.

ಟ್ರೇಲರ್ ಮಾಲೀಕ ಪಕ್ಕದ ಸೀಟಿನಲ್ಲಿ ಕೂತು ಫೋನ್ ಒತ್ತುತ್ತಿದ್ದವನು ತಲೆಯೆತ್ತಿದ. ಮುಂದೆ ಹಳದಿ ದೀಪ ತಿರುಗಿಸುತ್ತಾ, ಟ್ರೇಲರ್‌ಗೆ ದಾರಿ ತೋರಿಸುವ ಪೈಲಟ್ ಗಾಡಿ ಸಾಗುತ್ತಿತ್ತು. ಅದರ ಮೂತಿಯ ಮೇಲೆ ನೆಟ್ಟಗೆ ನಿಂತ ಒಂದು ಕೋಲು. ಹಿಂದೆ ಬರುವ ಸರಕಿಗಿಂತ ಅದು ಗೇಣು ಎತ್ತರ ಇರಬೇಕೆಂಬುದು ನಿಯಮ. ಕೋಲು ಸೇತುವೆಯ ತಳಕ್ಕೆ ತಾಗಿದರೆ ನಿಲ್ಲಿಸಬೇಕು, ತಾಗದಿದ್ದರೆ ನಿಶ್ಚಿಂತೆಯಿಂದ ಮುಂದೆ ಹೋಗಬಹುದು.

"ಏಜೆನ್ಸಿಯವರು ಕಳಿಸಿದ್ದಾರೆ. ಯಾರಾದ್ರೆ ನನಗೇನು?"

"ಹೋದ ವರ್ಷ ನಿಮ್ಮ ಪೈಲಟ್ ಒಬ್ಬ ಹೋದನಲ್ಲ, ಕರೆಂಟ್ ತಂತಿ ತಗುಲಿ. ಅವನ ಅಕ್ಕ ಸಾರ್. ಅದೇ ಹಣೆ, ಅದೇ ಮೂಗು."

"ನೀನು ಕೆಲಸಕ್ಕೆ ಸೇರಿದ್ದೇ ಮೊನ್ನೆ ಮೊನ್ನೆ. ನಿನಗೆ ಹೇಗಯ್ಯ ಗೊತ್ತು?"

"ನಮ್ಮ ಓಣಿಯವನೇ ಸಾರ್ ಅವನು."

ಮಾಲೀಕ ಫೋನ್ ಕೆಳಗಿಟ್ಟ. ಸತ್ತವನ ಮುಖ ಅವನಿಗೆ ನೆನಪಿರಲಿಲ್ಲ. ಪೊಲೀಸರ ಮುಂದೆ ತಾನಾಡಿದ ಮಾತು ಮಾತ್ರ ಚೆನ್ನಾಗಿ ನೆನಪಿತ್ತು: ಅವನೇ ಅವಸರ ಮಾಡಿದ. ನಿಜವಾಗಿ ಅವಸರ ಇದ್ದದ್ದು ಈ ಮಹಾಶಯನಿಗೆ. ಅಳತೆ ಮೀರಿದ ಸರಕು ಸೂರ್ಯ ಮುಳುಗಿದ ಮೇಲೆ ರಸ್ತೆಯಲ್ಲಿ ಚಲಿಸಬಾರದು. ಅಡ್ಡ ಬಂದ ತಂತಿಯನ್ನು ವಿದ್ಯುತ್ ಇಲಾಖೆಯವರೇ ಬಂದು ಎತ್ತಬೇಕು. ಪರ್ಮಿಟ್‌ನಲ್ಲಿ ಎರಡನ್ನೂ ಸ್ಪಷ್ಟವಾಗಿ ಬರೆದಿತ್ತು. ಆದರೂ, "ಒಂದು ಕೋಲು ತಗೊಂಡು ನೀನೇ ಎತ್ತೋ" ಎಂದು ಫೋನಿನಲ್ಲೇ ಗದರಿಸಿದ್ದ. ಕತ್ತಲಲ್ಲಿ ಆ ತರುಣ ತಂತಿ ಎತ್ತಲು ಹೋದ. ಸತ್ತವನ ಮನೆಗೆ ಮ್ಯಾನೇಜರನನ್ನು ಅಟ್ಟಿ ಮಾಲೀಕ ಕೈ ತೊಳೆದುಕೊಂಡ.

ಅಂದಿನಿಂದ ಅವನ ಪ್ರತಿ ಸರಕಿನ ಹಿಂದೆಯೂ ಸಾರಿಗೆ ಇಲಾಖೆಯ ಜೀಪು ಬರುತ್ತಿತ್ತು. ಕತ್ತಲಲ್ಲಿ ಕದ್ದು ಓಡಿಸುವ ಆಟಕ್ಕೆ ಕಲ್ಲು ಬಿದ್ದಿತ್ತು. ಇವತ್ತು ಪರ್ಮಿಟ್‌ನ ಕೊನೆಯ ದಿನ. ಹಿಂದಿರುವ ಬಾಯ್ಲರ್ ಸೂರ್ಯ ಮುಳುಗುವುದರೊಳಗೆ ಕಾರ್ಖಾನೆಯ ಗೇಟು ದಾಟದಿದ್ದರೆ ಗುತ್ತಿಗೆ ರದ್ದು. ಆ ಗುತ್ತಿಗೆ ಹೋದರೆ ಅವನ ಕಂಪನಿಗೆ ಬೀಗ. ಅದಕ್ಕೇ ತಾನೇ ಹೊರಟು ಬಂದಿದ್ದ.

ಬೆಳಿಗ್ಗೆ ಹೊರಡುವಾಗ ಆ ಹೆಂಗಸು ಕೋಲಿನ ಬೋಲ್ಟ್ ಬಿಗಿಯುತ್ತಾ ಅವನತ್ತ ನೋಡಿ ನಕ್ಕಿದ್ದಳು. "ನೀವು ಕಣ್ಣು ಮುಚ್ಕೊಂಡು ನನ್ನ ಹಿಂದೆ ಬನ್ನಿ ಸಾರ್. ಮಿಕ್ಕಿದ್ದು ನಾನು ನೋಡ್ಕೋತೀನಿ." ಆಗ ಅದು ಒಳ್ಳೆಯ ಮಾತಾಗಿ ಕೇಳಿಸಿತ್ತು.

"ಅವಳು ಕೋಲನ್ನ ಗಿಡ್ಡ ಮಾಡಿದ್ರೆ?" ಮಾಲೀಕ ಮುಂದಿನ ಕೋಲನ್ನೇ ದಿಟ್ಟಿಸಿದ. ಕೋಲು ತಾಗದೆ ಹೋಗಿ ಬಾಯ್ಲರ್ ಸೇತುವೆಗೆ ಗುದ್ದಿದರೆ ಸೇತುವೆ ಕುಸಿದು ಮೊದಲು ಜಜ್ಜಿಹೋಗುವುದು ಈ ಕ್ಯಾಬಿನ್ನು.

"ಛೆ ಛೆ, ಅಷ್ಟು ಕೆಟ್ಟೋಳಲ್ಲ ಸಾರ್." ಸ್ವಲ್ಪ ದೂರ ಹೋದ ಮೇಲೆ ಡ್ರೈವರ್ ಮೆಲ್ಲಗೆ ಸೇರಿಸಿದ. "ಬೋಲ್ಟ್ ಸಡಿಲಿಸಿದ್ರೆ ಒಳಕ್ಕೆ ಜಾರೋ ಕೋಲು ಅದು, ಅಷ್ಟೇ."

"ನಿಲ್ಸು ಗಾಡಿ."

ಇಂಥ ಸರಕನ್ನು ನಿಲ್ಲಿಸುವುದೆಂದರೆ ಸೈಕಲ್ ನಿಲ್ಲಿಸಿದಂತಲ್ಲ. ಹಿಂದೆ ಮುಂದೆ ಕೆಂಪು ಕೋನು ಇಡಬೇಕು, ವಾಹನಗಳನ್ನು ತಡೆಯಬೇಕು, ಮತ್ತೆ ಹೊರಡಲು ಜೀಪಿನ ಅಧಿಕಾರಿ ಕೈ ಬೀಸುವವರೆಗೆ ಕಾಯಬೇಕು. ಮಾಲೀಕ ಏಣಿ ಹಾಕಿಸಿ, ಟೇಪು ಹಿಡಿದು ತಾನೇ ಅಳೆದ. ಕೋಲು ಸರಿಯಾಗಿತ್ತು. ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ನನ್ನ ಮೇಲೆ ನಂಬಿಕೆ ಇಲ್ವಾ ಸಾರ್?"

ಅವನು ಏಣಿ ತೆಗೆಸಿದ. ಕ್ಯಾಬಿನ್ ಹತ್ತಿದವನೇ, "ಬೇರೆ ಪೈಲಟ್ ಕರೆಸು" ಎಂದ.

"ಪರ್ಮಿಟ್‌ನಲ್ಲಿ ಅವಳ ಗಾಡಿ ನಂಬರೇ ಇದೆ ಸಾರ್. ಬದಲಾಯಿಸಿದ್ರೆ ಹೊಸ ಪರ್ಮಿಟ್ ಬೇಕು."

ಮೊದಲ ಸೇತುವೆ ಹತ್ತಿರವಾಗುತ್ತಿದ್ದಂತೆ ಪೈಲಟ್ ಗಾಡಿ ತಿರುವಿನಲ್ಲಿ ಮರೆಯಾಯಿತು. ಮತ್ತೆ ಕಂಡಾಗ ಹೆಂಗಸು ಕೆಳಗಿಳಿದು ಕೋಲಿನ ಬುಡ ಮುಟ್ಟಿ ನೋಡುತ್ತಿದ್ದಳು. ಮತ್ತೆ ನಿಲ್ಲಿಸಿದರು, ಮತ್ತೆ ಅಳೆದರು. ಕೋಲು ಸರಿಯಾಗಿಯೇ ಇತ್ತು. ಸೇತುವೆ ಬಂದಾಗಲೆಲ್ಲ ಇದೇ ಗೋಳು. ಜೀಪಿನ ಅಧಿಕಾರಿ ಗೊಣಗಿದ. ಮಾಲೀಕ ಅಂಗಿ ಒದ್ದೆಯಾಗುವಷ್ಟು ಬೆವರಿದ. ಹಿಂದೆ ಒಬ್ಬನನ್ನು ಕೊಂದ ಅವಸರ ಇವತ್ತು ಅವನ ಮೈಯಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ.

"ಅವನ ತಾಯಿ ಇವತ್ತಿಗೂ ಅವನ ತಟ್ಟೆ ತೊಳೆದು ಇಡ್ತಾಳೆ ಸಾರ್," ಎಂದ ಡ್ರೈವರ್, ಗೇರು ಬದಲಾಯಿಸುತ್ತಾ. "ಅಂಥ ಮನೆಯವರ ಹೊಟ್ಟೇಲಿ ಏನಿರತ್ತೆ ಅಂತ ಹೇಳೋಕಾಗಲ್ಲ. ಹುಷಾರಾಗಿರೋದು ಒಳ್ಳೇದು."

ಕೊನೆಯ ಸೇತುವೆಯ ಆಚೆಗೆ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಮಾಲೀಕ ಏಣಿಯಿಂದಿಳಿದು ಟೇಪು ಸುತ್ತುವಷ್ಟರಲ್ಲಿ ಅಧಿಕಾರಿ ನಡೆದು ಬಂದ. "ಸೂರ್ಯ ಮುಳುಗಿದ. ಪಕ್ಕಕ್ಕೆ ಹಾಕಿಸ್ರಿ. ಇನ್ನು ಹೊಸ ಪರ್ಮಿಟ್ ತಂದೇ ಹೊರಡಬೇಕು."

ಮಾಲೀಕ ಕೈ ಮುಗಿದ, ಗೇಟು ತೋರಿಸಿದ. ಅಧಿಕಾರಿ ಹೋದ ವರ್ಷದ ಸಾವನ್ನು ನೆನಪಿಸಿ ಜೀಪು ಹತ್ತಿದ. ಫೋನು ಹೊಡೆದುಕೊಂಡಿತು. ಕಾರ್ಖಾನೆಯವರು ಎರಡೇ ಮಾತಿನಲ್ಲಿ ಗುತ್ತಿಗೆ ಮುಗಿಸಿದರು.

ಅವನು ಪೈಲಟ್ ಗಾಡಿಯ ಕಡೆ ನುಗ್ಗಿದ. "ತಣ್ಣಗಾಯ್ತಾ ಹೊಟ್ಟೆ? ತಮ್ಮನ ಸೇಡು ತೀರಿಸ್ಕೊಂಡ್ಯಲ್ಲ?"

"ಯಾವ ತಮ್ಮ?" ಹೆಂಗಸು ಕಕ್ಕಾಬಿಕ್ಕಿಯಾದಳು. "ನಮ್ಮ ಮನೇಲಿ ನಾವು ಬರೀ ಹೆಣ್ಣುಮಕ್ಕಳು ಸಾರ್. ನಿಮ್ಮ ಕಂಪನಿ ಕೆಲಸಕ್ಕೆ ನಾನು ಬಂದಿರೋದೇ ಇವತ್ತು."

ಅವನು ಗರಕ್ಕನೆ ಹಿಂತಿರುಗಿ ನೋಡಿದ. ಟ್ರೇಲರ್‌ನ ಇಂಜಿನ್ ಆಫ್ ಆಗಿತ್ತು. ಡ್ರೈವರ್ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಹೆಂಡತಿಯೊಡನೆ ಮಾತಾಡುತ್ತಿದ್ದ.

"ಮುಗೀತು ಕಣೇ, ನಮ್ಮ ಮಗನ್ನ ಕತ್ತಲಲ್ಲಿ ಓಡಿಸ್ದೋನ ಗಾಡೀನ ಕತ್ತಲಾಗೋದ್ರೊಳಗೆ ನಿಲ್ಲಿಸಿದೀನಿ."