ನ್ಯೂಟ್ರಲ್‌ನಲ್ಲೇ ಇದೆ, ತಳ್ಳಿ

ಪಕ್ಕದ ಮನೆಯ ದೊಡ್ಡಣ್ಣ, ಅವರ ಇಬ್ಬರು ಬಾಡಿಗೆದಾರರು, ಬಿಂದುಶ್ರೀ ನಾಲ್ವರೂ ಸೇರಿ ತಳ್ಳಿದರೂ ವಿಶ್ವಾರಾಧ್ಯರ ಹೊಸ ಕಾರು ಒಂದಿಂಚೂ ಅಲುಗಲಿಲ್ಲ. ಅದು ನಿಂತಿದ್ದದ್ದು ಬಿಂದುಶ್ರೀಯ ಗೇಟಿಗೆ ಅಡ್ಡವಾಗಿ. ಗೇಟಿನೊಳಗೆ ಅವಳ ವ್ಯಾನು, ವ್ಯಾನಿನೊಳಗೆ ನೂರೈವತ್ತು ಜನರ ಊಟ. ಹನ್ನೆರಡೂವರೆಗೆ ಅನ್ನಪೂರ್ಣೇಶ್ವರಿ ನಗರದ ಗೃಹಪ್ರವೇಶದಲ್ಲಿ ಎಲೆ ಹಾಕುತ್ತಾರೆ. ಅವಳು ಸ್ವಂತವಾಗಿ ಒಪ್ಪಿಕೊಂಡ ಮೊದಲ ಅಡುಗೆ ಇದು. ಆಗಲೇ ಹನ್ನೊಂದೂವರೆ.

ರಾಜಾಜಿನಗರದ ಆ ಅಡ್ಡರಸ್ತೆಯಲ್ಲಿ ಜಾಗಕ್ಕಿಂತ ಕಾರುಗಳೇ ಹೆಚ್ಚು. ಹಾಗಾಗಿ ಅಲ್ಲೊಂದು ಕಟ್ಟಳೆ: ಇನ್ನೊಬ್ಬರ ಗೇಟಿಗೆ ಅಡ್ಡ ನಿಲ್ಲಿಸಿದರೆ ಗೇರು ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಹಾಕಕೂಡದು. ಬೇಕಾದವರು ತಳ್ಳಿ ದಾರಿ ಮಾಡಿಕೊಳ್ಳುತ್ತಾರೆ. ಈ ಕಟ್ಟಳೆ ಮಾಡಿದ್ದು ವಿಶ್ವಾರಾಧ್ಯರೇ. ಮರೆತವರ ಮನೆ ಬಾಗಿಲಿಗೆ ಹೋಗಿ ಬೈದು ಬರುತ್ತಿದ್ದದ್ದೂ ಅವರೇ.

ಅವರ ಹೆಂಡತಿ ನೀಲಮ್ಮ ಒಂದು ಕೈಯಲ್ಲಿ ಕೀ, ಇನ್ನೊಂದರಲ್ಲಿ ಫೋನು ಹಿಡಿದು ಓಡಿ ಬಂದರು. ಮೆಟ್ರೋದಲ್ಲಿ ಕೆಂಗೇರಿಗೆ ಹೋಗಿದ್ದ ವಿಶ್ವಾರಾಧ್ಯರ ದನಿ ಫೋನಿನ ಸ್ಪೀಕರಿನಲ್ಲಿ ಬೀದಿಗೆಲ್ಲ ಕೇಳುತ್ತಿತ್ತು.

“ನ್ಯೂಟ್ರಲ್‌ನಲ್ಲೇ ಇದೆ, ತಳ್ಳೋಕೆ ಹೇಳು.”

“ತಳ್ತಾನೇ ಇದಾರೆ ರೀ. ಹ್ಯಾಂಡ್ ಬ್ರೇಕ್ ಹಾಕಿದೀರಾ?”

“ಹ್ಯಾಂಡ್ ಬ್ರೇಕೇ ಇಲ್ಲ ಕಣೇ ಅದ್ರಲ್ಲಿ! ಇಲ್ದೇ ಇರೋದನ್ನ ಹೇಗೆ ಹಾಕ್ಲಿ? ನೀನೇ ಏನೋ ಮುಟ್ಟಿರಬೇಕು.”

ನೀಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಗಂಡನ ಕಾರುಗಳಲ್ಲಿ ಮುಟ್ಟಿದ್ದು ಬಾಗಿಲನ್ನು ಮಾತ್ರ.

“ಗೇರ್ ಪಕ್ಕ ಪಿ ಅಂತ ಒಂದು ಸ್ವಿಚ್ ಇದೆಯಲ್ಲ ಸಾರ್?” ಕಿಟಕಿಗೆ ಮೂಗು ಒತ್ತಿಕೊಂಡೇ ಬಿಂದುಶ್ರೀ ಕೂಗಿದಳು.

“ಅದು ಪಾರ್ಕಿಂಗ್ ದೀಪದ್ದಿರಬೇಕಮ್ಮ. ಮೂರು ದಿನದಿಂದ ನಾನು ಅದನ್ನ ಮುಟ್ಟೇ ಇಲ್ಲ. ಇರು, ಇರು... ಶೋರೂಮಿನವನು ಏನೋ ಹೇಳಿದ್ದ. ಗಾಡಿ ಆಫ್ ಮಾಡಿದ್ರೆ ಬ್ರೇಕು ತಾನೇ ಬೀಳತ್ತೆ ಅಂತ. ಹೊರಟಾಗ ತಾನೇ ಹೋಗತ್ತೆ, ಇಲ್ದಿದ್ರೆ ನಡುವಿನ ಪೆಡಲ್ ತುಳಿದು ಆ ಪಿ ಸ್ವಿಚ್ ಒತ್ತಬೇಕು ಅಂತ.”

“ಹಂಗಾದ್ರೆ ಕೀ ಕೊಡಿ, ನಾನೇ ತೆಗೀತೀನಿ,” ಎಂದಳು ಬಿಂದುಶ್ರೀ.

“ಬೇಡ ಬೇಡ! ಮೊನ್ನೆ ತಂದ ಕಾರು. ನೀಲಾ, ನೀನೇ ಕೂತ್ಕೋ, ನಾನು ಹೇಳಿಕೊಡ್ತೀನಿ. ಸ್ಟಾರ್ಟ್ ಬಟನ್ ಒತ್ತು, ದೀಪ ಹತ್ತಿದ್ರೆ ಸಾಕು. ನಡುವಿನ ಪೆಡಲ್ ತುಳಿದು ಆ ಸ್ವಿಚ್ಚನ್ನ ಕೆಳಕ್ಕೆ ಒತ್ತು.”

ನೀಲಮ್ಮ ಹಾಗೇ ಮಾಡಿದರು. ಕಾರಿನ ಹೊಟ್ಟೆಯಲ್ಲೆಲ್ಲೋ ಗುಂಯ್ ಅಂದಿತು, ಬ್ರೇಕಿನ ಕೆಂಪು ದೀಪ ಆರಿತು. ಸದ್ಯ ಎಂದುಕೊಂಡು, ತಾವೂ ಒಂದು ಕೈ ತಳ್ಳೋಣವೆಂದು ಸೆರಗು ಸಿಕ್ಕಿಸಿ ಇಳಿದರು. ಮತ್ತೆ ಗುಂಯ್. ನಾಲ್ವರು ಇದ್ದದ್ದು ಐವರಾದರೂ ಕಾರು ಕದಲಲಿಲ್ಲ. ಹತ್ತಿ ನೋಡಿದರೆ ಕೆಂಪು ದೀಪ ಉರಿಯುತ್ತಿದೆ! ಆರಿಸಿದರು, ಇಳಿದರು, ಮತ್ತೆ ಅದೇ ಕಥೆ. ತಾವು ಆರಿಸಿದ್ದು ನಿಜವೋ ಭ್ರಮೆಯೋ ಎಂದು ಅವರಿಗೇ ಗೊಂದಲವಾಗತೊಡಗಿತು.

ಬಿಂದುಶ್ರೀ ಅಳುವುದೊಂದು ಬಾಕಿ. “ಆಂಟಿ, ನೀವು ಬಾಗಿಲು ತೆಗೆದಾಗೆಲ್ಲ ಹಿಡ್ಕೊಳ್ತಾ ಇದೆ. ಇಳೀಬೇಡಿ, ಕೂತೇ ಇರಿ. ನಾವು ತಳ್ತೀವಿ.”

“ನಾನಾ? ನಾನು ಸ್ಟೀರಿಂಗ್ ಹಿಡಿದೋಳೇ ಅಲ್ಲ ಕಣೇ!”

“ನೆಟ್ಟಗೆ ಹಿಡ್ಕೊಳಿ, ಅಷ್ಟೇ. ನಿಲ್ಸಿ ಅಂದಾಗ ನಡುವಿನದು ತುಳೀರಿ.”

ಕಾರು ಹೊರಟೇಬಿಟ್ಟಿತು. ನೀಲಮ್ಮ ಸ್ಟೀರಿಂಗನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದರು. ಹತ್ತು ಹೆಜ್ಜೆ ಹೋದ ಮೇಲೆ “ನಿಲ್ಸಿ!” ಎಂಬ ಕೂಗು ಕೇಳಿತು. ತುಳಿದರು, ನಿಂತಿತು. ತಾವು ಕಾಲಲ್ಲಿ ಒತ್ತಿದ್ದಕ್ಕೇ ಅಷ್ಟು ದೊಡ್ಡ ವಸ್ತು ನಿಂತಿದ್ದು ಕಂಡು ಅವರಿಗೆ ಆಶ್ಚರ್ಯವಾಯಿತು. ಬಿಂದುಶ್ರೀ ಎಲ್ಲರಿಗೂ ಒಮ್ಮೆಲೇ ಕೈ ಮುಗಿದು ವ್ಯಾನು ಹತ್ತಿದಳು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ವ್ಯಾನು ತಿರುವು ದಾಟಿತು.

“ಹೋಯ್ತಾ? ಸರಿ, ಇನ್ನು ಇಳಿ,” ಎಂದರು ವಿಶ್ವಾರಾಧ್ಯರು. “ನಾನು ಬರೋದು ಎರಡು ಗಂಟೆ ಆಗತ್ತೆ. ಅಲ್ಲೀವರೆಗೂ ಏನೂ ಮುಟ್ಟಬೇಡ.”

ಕಾರು ಈಗ ದೊಡ್ಡಣ್ಣನ ಗೇಟಿಗೆ ಅಡ್ಡ ನಿಂತಿತ್ತು. ಇಳಿದರೆ ಬ್ರೇಕು ಮತ್ತೆ ಹಿಡಿದುಕೊಳ್ಳುತ್ತದೆ; ಇಳಿಯದಿದ್ದರೆ ಎರಡು ಗಂಟೆಯವರೆಗೂ ಪೆಡಲ್ ತುಳಿದುಕೊಂಡು ಕೂತಿರಬೇಕು. ನೀಲಮ್ಮ ಎದುರಿನ ರಸ್ತೆ ನೋಡಿದರು. ಮಧ್ಯಾಹ್ನದ ಹೊತ್ತು, ಕೊನೆಯ ತನಕ ಖಾಲಿಯಾಗಿತ್ತು.

“ರೀ,” ಎಂದರು ಫೋನಿಗೆ, “ಮುಂದಕ್ಕೆ ಹೋಗೋಕೆ ಯಾವುದು ತುಳೀಬೇಕು?”