ರೆಕಾರ್ಡ್ ರೂಮಿನ ಮೀಟರು

ಸೋಮವಾರ ಬೆಳಿಗ್ಗೆ, ಆಫೀಸು ಕಟ್ಟಡದ ಗಾಳಿ ಅಳೆಯುವ ಮೀಟರುಗಳನ್ನು ನೋಡಿಕೊಳ್ಳುವ ತಿಪ್ಪೇಶಿ ಕಂಪ್ಯೂಟರಿನ ಮುಂದೆ ಕೂತವನೇ ಹುಬ್ಬು ಗಂಟಿಕ್ಕಿದ.

“ಸಾರ್, ರೆಕಾರ್ಡ್ ರೂಮಲ್ಲಿ ಶನಿವಾರ ಸಂಜೆಯಿಂದ ಕಾರ್ಬನ್ ಡೈಆಕ್ಸೈಡ್ ಏರ್ತಾನೇ ಹೋಗಿದೆ. ಜನ ಉಸಿರಾಡಿದ್ರೇನೇ ಹಿಂಗೆ ಏರೋದು.”

“ಶನಿವಾರ ಸಂಜೆ ನಾನೇ ಬೀಗ ಹಾಕಿದ್ದು ಕಣ್ರೀ. ಖಾಲಿ ರೂಮಲ್ಲಿ ಯಾರು ಉಸಿರಾಡ್ತಾರೆ? ಮೀಟರ್ ಕೆಟ್ಟಿರ್ಬೇಕು,” ಎಂದರು ಮ್ಯಾನೇಜರು.

“ನಿನ್ನೆ ಮಧ್ಯಾಹ್ನದಿಂದ ಏರೋದು ನಿಂತಿದೆ ಸಾರ್.”

“ನೋಡಿ, ತಾನಾಗೇ ಸರಿಹೋಯ್ತು.”

ತಿಪ್ಪೇಶಿಗೆ ಯಾಕೋ ಸಮಾಧಾನವಾಗಲಿಲ್ಲ. ಬೀಗದ ಕೈ ಇಸಿದುಕೊಂಡು ಮೇಲೆ ಹೋದ. ಕಿಟಕಿಯಿಲ್ಲದ ಆ ಕೋಣೆಯೊಳಗೆ ಧೂಳು ಬರಬಾರದೆಂದು ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟೇ ಹೋಗಬೇಕು.

ಬಾಗಿಲ ಪಕ್ಕದ ಸ್ಟ್ಯಾಂಡಿನ ಕೆಳಗಿನ ಸಾಲಿನಲ್ಲಿ, ಕಸ ಗುಡಿಸುವ ಓಬಮ್ಮನ ಹವಾಯಿ ಚಪ್ಪಲಿಗಳು ಹಾಗೇ ಇದ್ದವು.