ರೊಚ್ಚಿಗೆಬ್ಬಿಸುವ ಉಪ್ಪು

ತಣ್ಣಗಿದ್ದಷ್ಟೂ ಒಳ್ಳೆಯದೆಂದು ವೈದ್ಯಾಧಿಕಾರಿ ಲಸಿಕೆಯನ್ನು ಫ್ರೀಜರಿಗೆ ಹಾಕಿಸಿದ್ದರು. ಹೆಪ್ಪುಗಟ್ಟಿ ಕರಗಿದ ಲಸಿಕೆಯ ಬಾಟಲಿಯನ್ನು ನರ್ಸ್ ಎಸ್ತರ್ ಕುಲುಕಿ ನೋಡಿದಳು. ಬಿಳಿ ಗಸಿ ತಳಕ್ಕಿಳಿಯಿತು.

“ರೋಗದ ಮೇಲೆ ಮೈಯನ್ನ ರೊಚ್ಚಿಗೆಬ್ಬಿಸೋದೇ ಲಸಿಕೇಲಿ ಬೆರೆಸಿರೋ ಈ ಅಲ್ಯೂಮಿನಿಯಂ ಉಪ್ಪು, ಸರ್. ಅದೇ ಗಂಟುಕಟ್ಟಿದೆ. ಇನ್ನು ಚುಚ್ಚಿದ್ರೆ ಮಕ್ಕಳಿಗೆ ನೋವಷ್ಟೇ.”

“ಬಾಯಿ ಮುಚ್ಕೊಂಡು ಚುಚ್ಚಮ್ಮ! ಇಲ್ಲಾಂದ್ರೆ ನೀನೇ ಕೆಡಿಸ್ದೆ ಅಂತ ಮೇಲಕ್ಕೆ ಬರೀತೀನಿ.”

ಲಸಿಕೆಯ ದಿನ ಎಸ್ತರ್ ಅಧಿಕಾರಿಯ ಮಗಳಿಗೆ ತಾನೇ ಫೋನ್ ಮಾಡಿ, ಕೂಸಿನೊಡನೆ ಕರೆಸಿ, ಸಾಲಿನಲ್ಲಿ ಮೊದಲು ಕೂರಿಸಿದಳು. ಸಿರಿಂಜು ತುಂಬಿ ಕೂಸಿನ ತೊಡೆ ಒರೆಸಿದಳು.

ಅಧಿಕಾರಿ ಒಳಗಿಂದ ಓಡಿಬಂದರು. “ನನ್ನ ಮೊಮ್ಮಗೂಗೆ ಬೇಡ! ಅದು ಫ್ರೀಜರಿಂದು, ಕೆಟ್ಟಿದೆ!”

ಸಾಲಿನಲ್ಲಿದ್ದ ತಾಯಂದಿರೆಲ್ಲ ಎದ್ದು ನಿಂತರು.

“ಇದು ಹೊಸ ಬಾಟಲಿ, ಸರ್. ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯಿಂದ ತಂದಿದ್ದು,” ಎಂದು ಎಸ್ತರ್ ಸೂಜಿ ಚುಚ್ಚಿದಳು.